ಅಚ್ಚಿಲ್ಲದ ಬ್ರೆಡ್ಡು

"ಬಾಗಿಲು ಹಾಕ್ಕೊಂಡು ಒಳಗೆ ಬನ್ರಪ್ಪಾ! ಹಿಟ್ಟಿಗೆ ಗಾಳಿ ತಗುಲಿದ್ರೆ ಮುನಿಸಿಕೊಂಡು ಕೂತುಬಿಡುತ್ತೆ!"

ಒಳಗಿನಿಂದ ಆ ದನಿ ಕೇಳಿದ್ದೇ ತಡ, ಬ್ರೂನೆಲ್ಲಾ ಹೊಸ್ತಿಲಲ್ಲೇ ನಿಂತುಬಿಟ್ಟಳು.

ಮುಖ ಇನ್ನೂ ಕಂಡಿರಲಿಲ್ಲ. ಒಲೆಯ ಹೊಗೆ, ಹಿಟ್ಟಿನ ಧೂಳು, ಅವಳ ಮುಂದೆ ನುಗ್ಗುತ್ತಿದ್ದ ಹನ್ನೆರಡು ಜನ ಪ್ರವಾಸಿಗರ ಬೆನ್ನು... ಕಾಣುತ್ತಿದ್ದದ್ದು ಇಷ್ಟೇ. ಆದರೆ ಆ ದನಿಯ ಗುರುತು ಹಿಡಿಯಲು ಮುಖ ಬೇಕೇ? ಒಂದು ಕಾಲದಲ್ಲಿ ಅದು ಅವಳ ಕಿಟಕಿಯ ಕೆಳಗೆ ನಿಂತು, 'ಬ್ರೂನಾ, ಇಳಿದು ಬಾರೇ' ಎಂದು ಕೂಗುತ್ತಿತ್ತು.

'ಇಲ್ಲ... ಇರಲಾರದು. ಅವನು ಜರ್ಮನಿಯಲ್ಲಿದ್ದಾನೆ. ಇದು ಅವನ ಸೋದರಮಾವ ದೊನಾತೊನ ಬೇಕರಿ. ಯಾರೋ ಕೆಲಸದವನಿರಬೇಕು...'

ಉದ್ದ ಹಿಡಿಯ ಮರದ ಸಲಿಕೆ ಹಿಡಿದು ಒಲೆಯೊಳಗೆ ಬಾಗಿದ್ದವನು ನೆಟ್ಟಗಾಗಿ ಈ ಕಡೆ ತಿರುಗಿದ.

ಸಾವೇರಿಯೊ!

ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅದು ಹಿಟ್ಟೋ ವಯಸ್ಸೋ ತಿಳಿಯುವಂತಿರಲಿಲ್ಲ. ಅವನ ಕಣ್ಣು ಪ್ರವಾಸಿಗರ ತಲೆಗಳ ಮೇಲಿಂದ ಸುಮ್ಮನೆ ಹಾಯ್ದು ಬಂದು ಅವಳ ಮೇಲೆ ನಿಂತಿತು. ಸಲಿಕೆ ಕೈಯಲ್ಲೇ ಉಳಿಯಿತು. ಒಲೆಯಲ್ಲಿ ಸೌದೆ ಚಟಪಟ ಎಂದಿತು.

ಮೊದಲು ಸಾವರಿಸಿಕೊಂಡವನು ಅವನೇ.

"ನಮಸ್ಕಾರ. ನೀವು... ಹೊಸ ಗೈಡಾ, ಮೇಡಂ?"

ಮೇಡಂ! ನೀವು!

ಎದೆಯ ಮೇಲೆ ಕೈಯಿಟ್ಟು ತಳ್ಳಿದ ಹಾಗಾಯಿತು ಅವಳಿಗೆ. 'ಸರಿ ಹಾಗಾದರೆ. ಇಷ್ಟೇ ತಾನೇ?' ಅವಳೂ ಗಂಟಲು ಸರಿಮಾಡಿಕೊಂಡಳು.

"ಹೌದು. ಈ ದಾರಿಯ ಗೈಡ್ ಕಾಲು ಮುರಿದುಕೊಂಡಿದ್ದಾರೆ. ಇವತ್ತೊಂದು ದಿನಕ್ಕೆ ನಾನು."

"ಒಂದು ದಿನಕ್ಕೆ..." ಎಂದ ಅವನು. ಅದು ಪ್ರಶ್ನೆಯಾಗಿರಲಿಲ್ಲ.

ನೋಡಿ, ಹುಟ್ಟಿದ ಊರಿಗೇ ಪ್ರವಾಸಿಗರನ್ನು ಕರೆದುಕೊಂಡು ಬರುವ ಕಷ್ಟ ಯಾರಿಗೂ ಬೇಡ. ಮತೇರಾ ಬಿಟ್ಟು ಬಾರಿ ನಗರ ಸೇರಿದ ಮೇಲೆ ಬ್ರೂನೆಲ್ಲಾ ಸಮುದ್ರ ದಂಡೆಯ ಊರುಗಳನ್ನೆಲ್ಲ ತೋರಿಸಿದ್ದಳು. ಈ ದಾರಿ ಮಾತ್ರ ಬೇಡವೆಂದು ತಪ್ಪಿಸಿಕೊಂಡೇ ಬಂದಿದ್ದಳು. "ನೀನೇ ಆ ಊರಿನವಳು, ನೀನಲ್ಲದೆ ಇನ್ಯಾರು ಹೋಗ್ತಾರಮ್ಮಾ" ಎಂದು ಕಚೇರಿಯವರು ಗಂಟುಬಿದ್ದಾಗ ಬೇರೆ ದಾರಿ ಉಳಿಯಲಿಲ್ಲ.

ಒಪ್ಪಿಕೊಂಡ ದಿನವೇ ಬೀರುವಿನ ತಳದಿಂದ ಒಂದು ಸಣ್ಣ ಗಂಟು ತೆಗೆದು ಕೈಚೀಲಕ್ಕೆ ಹಾಕಿಕೊಂಡಿದ್ದಳು. 'ಹೋಗೋದೇ ಆದರೆ ಇದನ್ನು ಆ ಕಣಿವೆಗೆ ಎಸೆದು ಬರ್ತೀನಿ. ಇನ್ನು ಸಾಕು' ಎಂದು ತೀರ್ಮಾನಿಸಿದ್ದಳು. ಗಂಟಿನಲ್ಲಿದ್ದದ್ದು ಅವನು ಕೆತ್ತಿಕೊಟ್ಟ ಮರದ ಅಚ್ಚು.

ಕೊಟ್ಟವನು ಊರಲ್ಲೇ ಇದ್ದಾನೆಂದು ಅವಳಿಗೇನು ಗೊತ್ತು?

ಸಾವೇರಿಯೊ ಎಲ್ಲರ ಮುಂದೆ ಒಂದೊಂದು ಹಿಟ್ಟಿನ ಮುದ್ದೆ ಇಟ್ಟ. ಮಡಿಸಿ, ತಿರುವಿ, ಕೊಂಬಿನ ಹಾಗೆ ಬಾಗಿಸುವುದನ್ನು ತೋರಿಸಿದ. ಮಧ್ಯೆ ತಮಾಷೆಯೂ ಮಾಡಿದ. "ಅಯ್ಯೋ ಸಾರ್, ಅದು ಹಿಟ್ಟು, ನಿಮ್ಮ ಆಫೀಸಿನ ಸಾಹೇಬರಲ್ಲ. ಅಷ್ಟೊಂದು ಗುದ್ದಬೇಡಿ!" ಜನ ನಕ್ಕರು. ಬ್ರೂನೆಲ್ಲಾ ನಗಲಿಲ್ಲ. ಅವನು ಮೊದಲು ಮರ ಕೆತ್ತುತ್ತಿದ್ದವನು, ಹಿಟ್ಟು ಮುಟ್ಟಿದವನೇ ಅಲ್ಲ. ಈ ಕೆಲಸ ಯಾವಾಗ ಕಲಿತ?

"ಇನ್ನು ಅಚ್ಚು." ಅವನು ಒಂದು ತಟ್ಟೆಯ ತುಂಬ ಮರದ ಅಚ್ಚುಗಳನ್ನು ತಂದಿಟ್ಟ. "ಮುಂಚೆ ಓಣಿಗೆಲ್ಲ ಒಂದೇ ಒಲೆ. ಯಾರ ಬ್ರೆಡ್ಡು ಯಾರದು ಅಂತ ಜಗಳ ಆಗಬಾರದಲ್ಲ? ಅದಕ್ಕೇ ಮನೆಗೊಂದು ಅಕ್ಷರ. ನಿಮ್ಮ ನಿಮ್ಮ ಅಕ್ಷರ ಆರಿಸಿಕೊಳ್ಳಿ. ಆದ್ರೆ ನಾನು ಹೇಳೋವರೆಗೂ ಯಾರೂ ಒತ್ತಬೇಡಿ. ಹಿಟ್ಟು ಉಬ್ಬಬೇಕು. ಒತ್ತುವಾಗಲೂ ಹೆದರಬೇಡಿ, ಆಳಕ್ಕೆ ಒತ್ತಿ. ಕೇಳಿಸ್ತಾ? ಆಳಕ್ಕೆ!"

ಆ ಕೊನೆಯ ಮಾತನ್ನು ಯಾಕೆ ಅಷ್ಟು ಜೋರಾಗಿ ಹೇಳಿದನೋ. ಎಲ್ಲರೂ ಮುಖ ಮುಖ ನೋಡಿಕೊಂಡರು.

ಹಿಟ್ಟು ಉಬ್ಬುವವರೆಗೆ ಕೂತಿರಬೇಕಲ್ಲ, ಒಬ್ಬ ತರುಣಿ ಕೇಳಿದಳು. "ಇಲ್ಲಿ ಹುಡುಗರು ಹುಡುಗಿಯರಿಗೆ ಅಚ್ಚು ಕೆತ್ತಿ ಕೊಡ್ತಿದ್ರಂತೆ, ನಿಜವಾ?"

ಸಾವೇರಿಯೊ ಒಲೆಗೆ ಸೌದೆ ತಳ್ಳುತ್ತಾ, ತಿರುಗಿ ನೋಡದೆ ಹೇಳಿದ. "ಅದನ್ನ ಗೈಡ್ ಮೇಡಂ ಹೇಳ್ತಾರೆ."

'ಎಷ್ಟು ಧೈರ್ಯ ಇವನಿಗೆ! ನನ್ನ ಬಾಯಿಂದಲೇ ಹೇಳಿಸಬೇಕಾ?' ಬ್ರೂನೆಲ್ಲಾಳ ಕೆನ್ನೆ ಉರಿಯಿತು. ಆದರೆ ಹನ್ನೆರಡು ಜೊತೆ ಕಣ್ಣು ಅವಳನ್ನೇ ನೋಡುತ್ತಿದ್ದವು.

"ನಿಜ," ಎಂದಳು. "ಬೇರೆ ಮನೆಗಳದ್ದು ಗೊತ್ತಿಲ್ಲ. ನನ್ನ ಅಜ್ಜಿಯ ಮನೆಯ ಪದ್ಧತಿ ಹೇಳ್ತೀನಿ. ಹುಡುಗ ಇಬ್ಬರ ಅಕ್ಷರಾನೂ ಸೇರಿಸಿ ಅಚ್ಚು ಕೆತ್ತಿ ಹುಡುಗಿಗೆ ಕೊಡ್ತಾನೆ. ಬಾಯಲ್ಲಿ ಏನೂ ಕೇಳೋ ಹಾಗಿಲ್ಲ, ಅವಳೂ ಬಾಯಲ್ಲಿ ಏನೂ ಹೇಳೋ ಹಾಗಿಲ್ಲ. ಅವಳು ಒಬ್ಬಳೇ ಕೂತು, ಯಾರ ಸಹಾಯನೂ ಇಲ್ಲದೆ ಒಂದು ಬ್ರೆಡ್ಡು ಮಾಡಬೇಕು. ತನ್ನ ಕಸೂತಿ ಬಟ್ಟೆ ಜೊತೆ ಒಲೆಗೆ ಕಳಿಸಬೇಕು. ಬೆಂದಮೇಲೆ ಅದೇ ಬಟ್ಟೆಯಲ್ಲಿ ಕಟ್ಟಿ, ಒಲೆಯಿಂದ ನೇರ ಹುಡುಗನ ಮನೆಗೆ. ಅವಳು ಆಮೇಲೆ ಅದನ್ನ ನೋಡಬಾರದು."

"ಅದರಲ್ಲಿ ಉತ್ತರ ಎಲ್ಲಿದೆ?"

"ಬ್ರೆಡ್ಡಿನ ಮೇಲೆ ಅವನ ಅಚ್ಚಿದ್ದರೆ ಒಪ್ಪಿಗೆ. ಮುಂದಿನ ಭಾನುವಾರ ಅವನು ತಾಯಿಯನ್ನ ಕರೆದುಕೊಂಡು ಹುಡುಗಿ ಮನೆಗೆ ಬರಬೇಕು." ಅವಳ ದನಿ ಒಂದಿಷ್ಟು ಗಟ್ಟಿಯಾಯಿತು. "ಬರಲೇಬೇಕು."

"ಅಚ್ಚಿಲ್ಲದಿದ್ದರೆ?"

"ಇಲ್ಲ ಅಂತ ಅರ್ಥ. ಅವನು ಕೊಟ್ಟ ಅಚ್ಚನ್ನ ಅವಳು ಒಲೆಗೆ ಹಾಕಿ ಸುಟ್ಟಿದ್ದಾಳೆ ಅಂತ."

"ಅಯ್ಯಪ್ಪಾ, ಇಷ್ಟೆಲ್ಲ ಯಾಕೆ? ಒಂದು ಮೆಸೇಜು ಹಾಕಿದ್ರೆ ಆಯ್ತಪ್ಪ!" ಎಂದ ಆಗ ಹಿಟ್ಟು ಗುದ್ದುತ್ತಿದ್ದ ಪ್ರವಾಸಿ. ಎಲ್ಲರೂ ಗೊಳ್ಳೆಂದರು.

ಸಾವೇರಿಯೊ ಮಾತ್ರ ಮೆಲ್ಲಗೆ, "ಹಾಕಬಹುದಿತ್ತು" ಎಂದು ಎದ್ದ. "ಬನ್ನಿ, ಹಿಟ್ಟು ಉಬ್ಬಿದೆ. ಈಗ ಒತ್ತಿ."

ಎಲ್ಲರೂ ಮುಗಿಬಿದ್ದರು, ಒಬ್ಬರನ್ನು ಬಿಟ್ಟು. ಬೆರ್ಗಾಮೊ ಕಡೆಯಿಂದ ಒಬ್ಬರೇ ಬಂದಿದ್ದ ಎರ್ಮಿನಿಯಾ ಎಂಬ ವಯಸ್ಸಾದ ಹೆಂಗಸು ಮೂಲೆಯಲ್ಲಿ ಕೂತೇ ಇದ್ದರು. ಅವರು ಆಗಲೇ, ಯಾರೂ ನೋಡದ ಹೊತ್ತಲ್ಲಿ, ತೀರಿಹೋದ ಗಂಡನ ಹೆಸರಿನ ಮೊದಲಕ್ಷರವನ್ನು ಮೆಲ್ಲಗೆ ಒತ್ತಿ ಬಟ್ಟೆ ಹೊದಿಸಿಬಿಟ್ಟಿದ್ದರು. ಹತ್ತು ಜನರ ಮುಂದೆ ಆ ಅಕ್ಷರ ಒತ್ತಲು ಅವರಿಗೆ ಮನಸ್ಸಾಗಿರಲಿಲ್ಲ.

"ಸಂಜೆ ಐದಕ್ಕೆ ಬನ್ನಿ, ನಿಮ್ಮ ನಿಮ್ಮ ಬ್ರೆಡ್ಡು ತಗೊಂಡು ಹೋಗಿ" ಎಂದ ಸಾವೇರಿಯೊ. ಬ್ರೂನೆಲ್ಲಾ ಎಲ್ಲರಿಗಿಂತ ಮೊದಲು ಹೊರಬಿದ್ದಳು.

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅದು ಒಳ್ಳೆಯದೇ ಆಯಿತು. ಕಣ್ಣಲ್ಲಿ ನೀರು ಯಾಕೆಂದು ಯಾರೂ ಕೇಳಲಿಲ್ಲ.

ಹದಿನೆಂಟು ವರ್ಷದ ಹಿಂದಿನ ಮಾತು. ಆಗ ಅವಳಿಗೆ ಇಪ್ಪತ್ತನಾಲ್ಕು. ತಂದೆತಾಯಿ ಇಲ್ಲದ ಹುಡುಗಿಯನ್ನು ಸಾಕಿದವಳು ಫಿಲೊಮೇನಾ ಅಜ್ಜಿ. "ನನ್ನನ್ನ ನಿಮ್ಮ ತಾತ ಅಚ್ಚು ಕೊಟ್ಟೇ ಕೇಳಿದ್ದು. ನಿನ್ನನ್ನೂ ಹಾಗೇ ಕೇಳಬೇಕು. ಇಲ್ಲಾಂದ್ರೆ ನಾನು ಒಪ್ಪಲ್ಲ, ಹೋಗು!" ಎಂದು ಹಠ ಹಿಡಿದಿದ್ದಳು. ಸಾವೇರಿಯೊ ನಗುತ್ತಲೇ ಒಪ್ಪಿದ್ದ. ಆಲಿವ್ ಮರದಲ್ಲಿ ತಿಂಗಳುಗಟ್ಟಲೆ ಕೆತ್ತಿದ. ಮೇಲೆ ಹಿಡಿಯ ಜಾಗದಲ್ಲಿ ಮರಿಯನ್ನು ರೆಕ್ಕೆಯೊಳಗೆ ಇಟ್ಟುಕೊಂಡ ಕೋಳಿ, ಕೆಳಗೆ ಒಂದನ್ನೊಂದು ಅಪ್ಪಿಕೊಂಡ ಎರಡು ಅಕ್ಷರ.

ಅಜ್ಜಿಯನ್ನು ಚರ್ಚಿಗೆ ಅಟ್ಟಿ ಬ್ರೂನೆಲ್ಲಾ ಒಬ್ಬಳೇ ಹಿಟ್ಟು ಕಲಸಿದ್ದಳು. ಸಂಭ್ರಮಕ್ಕೆ ಕೈ ನಡುಗುತ್ತಿತ್ತು. ಅಚ್ಚೊತ್ತಿ, ಆ ಅಕ್ಷರಗಳಿಗೆ ನೋವಾದೀತೆಂಬಂತೆ ಮೆತ್ತಗೆ ಬಟ್ಟೆ ಹೊದಿಸಿ, ಹಿಟ್ಟು ಉಬ್ಬಿದ ಮೇಲೆ ಹೊದಿಕೆಯನ್ನೂ ಸರಿಸದೆ ಒಲೆಗೆ ಕೊಟ್ಟು ಬಂದಿದ್ದಳು.

ಭಾನುವಾರ ಬಂತು. ಅಜ್ಜಿ ಹೊಸ ಮೇಜುಬಟ್ಟೆ ಹಾಸಿದ್ದಳು.

ಅವನು ಬರಲಿಲ್ಲ.

ಸೋಮವಾರ ಓಣಿಯ ಹೆಂಗಸರು ಹೇಳಿದರು, ಸಾವೇರಿಯೊ ಆಗಲೇ ಜರ್ಮನಿಯ ರೈಲು ಹತ್ತಿದನಂತೆ.

ಎಷ್ಟು ಸಲ ಫೋನು ಕೈಗೆ ತಗೊಂಡಳೋ, ಎಷ್ಟು ಸಲ ಇಟ್ಟಳೋ! 'ಹೂಂ ಅಂದ ಮೇಲೂ ಓಡಿ ಹೋದವನನ್ನ ಯಾಕೆ ಬರಲಿಲ್ಲ ಅಂತ ನಾನೇ ಬೇಡಿಕೊಳ್ಳಬೇಕಾ? ಅಷ್ಟೂ ಮಾನ ಇಲ್ಲವಾ ನನಗೆ?' ಅಜ್ಜಿಯೂ ಅವನ ತಾಯಿಯೂ ಮಾತು ಬಿಟ್ಟರು. ಒಂದೇ ಚರ್ಚಿನಲ್ಲಿ ಬೇರೆ ಬೇರೆ ಬೆಂಚಿನಲ್ಲಿ ಕೂತರು. ಚಳಿಗಾಲ ಮುಗಿಯುವ ಮೊದಲೇ ಅಜ್ಜಿ ಹೋದಳು. ಬ್ರೂನೆಲ್ಲಾ ಊರು ಬಿಟ್ಟಳು.

ಅಚ್ಚನ್ನು ಮಾತ್ರ ಸುಡಲಾಗಲಿಲ್ಲ. ಒಲೆಯ ಮುಂದೆ ಎಷ್ಟೋ ಸಲ ನಿಂತಿದ್ದಳು, ಕೈ ಬಂದಿರಲಿಲ್ಲ.

ಓಣಿಗಳನ್ನು ಇಳಿದು ಹತ್ತಿ, ಬಂಡೆ ಕೊರೆದ ಚರ್ಚು ತೋರಿಸಿ, ಗೋಡೆಯ ಮೇಲಿನ ಮಾಸಿದ ದೇವರ ಚಿತ್ರಗಳ ಬಗ್ಗೆ ಹೇಳುವಾಗ ಅವಳ ಬಾಯಿ ತನ್ನಷ್ಟಕ್ಕೆ ಮಾತಾಡುತ್ತಿತ್ತು, ಮನಸ್ಸು ಬೇಕರಿಯಲ್ಲೇ ಇತ್ತು. ಒಂದು ತಿರುವಿನಲ್ಲಿ ಆ ತರುಣಿ ನಿಂತು, "ಎಷ್ಟು ಚೆಂದದ ಬಾಗಿಲು!" ಎಂದು ಫೋಟೋ ತೆಗೆದಳು. ಅದು ಅಜ್ಜಿಯ ಮನೆ. ಈಗ ಅತಿಥಿಗೃಹವಾಗಿತ್ತು, ಹೊಸ್ತಿಲಲ್ಲಿ ಯಾರದೋ ಚಕ್ರದ ಪೆಟ್ಟಿಗೆ ಇತ್ತು.

"ಹೌದು, ಹಳೇ ಬಾಗಿಲು" ಎಂದಷ್ಟೇ ಹೇಳಿ ಬ್ರೂನೆಲ್ಲಾ ಮುಂದೆ ಹೋದಳು.

ಊಟಕ್ಕೆ ರುಬ್ಬಿದ ಬೀನ್ಸ್ ಕಾಳು, ಅದರ ಮೇಲೆ ಕಹಿ ಸೊಪ್ಪು, ಎಣ್ಣೆಯಲ್ಲಿ ಗರಿಗರಿ ಕರಿದ ಕೆಂಪು ಒಣಮೆಣಸಿನಕಾಯಿ. "ಖಾರ ಇಲ್ಲವೇ ಇಲ್ಲ, ಧೈರ್ಯವಾಗಿ ಕಚ್ಚಿ" ಎಂದು ಎಲ್ಲರಿಗೂ ಬಡಿಸಿದಳು. ತಾನು ತಟ್ಟೆ ಮುಟ್ಟಲಿಲ್ಲ.

ಎರ್ಮಿನಿಯಾ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.

"ಆ ಬೇಕರಿಯವನು ನಿನಗೆ ಏನಾಗಬೇಕಮ್ಮಾ?"

ಬ್ರೂನೆಲ್ಲಾ ಬೆಚ್ಚಿಬಿದ್ದಳು. "ಏನೂ ಇಲ್ಲ. ಯಾಕೆ?"

"ಏನೂ ಆಗದವರಾದ್ರೆ ಯಾರೂ ಹಾಗೆ ಮುಖ ತಪ್ಪಿಸಲ್ಲ." ಅವರು ಮೆಣಸಿನಕಾಯಿ ಮುರಿದು ಬಾಯಿಗೆ ಹಾಕಿಕೊಂಡರು. "ನಮ್ಮ ಅಂಬ್ರೋಜೊ ಇದ್ದಾಗ ಜಗಳ ಆಡಿ ಆಡಿ ನನಗೆ ಸಾಕಾಗಿತ್ತು. ಈಗ ಜಗಳ ಆಡೋಣ ಅಂದ್ರೆ ಜನ ಇಲ್ಲ. ನಿನ್ನವನು ಇದ್ದಾನಲ್ಲ, ಹೋಗಿ ಜಗಳವಾದ್ರೂ ಆಡು."

"ನನ್ನವನಲ್ಲ ಅಮ್ಮಾ," ಎಂದಳು ಬ್ರೂನೆಲ್ಲಾ. "ಬೇಡ ಅಂತ ಬಿಟ್ಟು ಹೋದವನು."

ಎರ್ಮಿನಿಯಾ ಮೇಜಿನ ಕೆಳಗೆ ಅವಳ ಕೈ ಹಿಡಿದು ಕೂತರು, ಅಷ್ಟೇ.

ಮಧ್ಯಾಹ್ನ ಕಳೆದು ಎಲ್ಲರೂ ಕಣಿವೆಯ ಅಂಚಿಗೆ ಬಂದರು. ಜನ ಫೋಟೋದಲ್ಲಿ ಮುಳುಗಿದ್ದಾಗ ಬ್ರೂನೆಲ್ಲಾ ದೂರ ಹೋಗಿ ಗಂಟು ಬಿಚ್ಚಿದಳು. ಅವಳ ಹೆಬ್ಬೆರಳು ಸವರಿ ಸವರಿ ಕೋಳಿಯ ಬೆನ್ನು ನುಣ್ಣಗಾಗಿತ್ತು. ಕೆಳಗೆ ಆಳದಲ್ಲಿ ತೊರೆ ಸಣ್ಣಗೆ ಕಾಣುತ್ತಿತ್ತು.

'ಎಸೆದುಬಿಡು. ಅವನು ಮೇಡಂ ಅಂದ. ಇನ್ನೇನು ಬೇಕು ನಿನಗೆ?'

ಕೈ ಎತ್ತಿದಳು. ಕೈ ಹಾಗೇ ನಿಂತಿತು. ಎಸೆದ ಮೇಲೆ ತನ್ನ ಹತ್ತಿರ ಏನುಳಿಯುತ್ತದೆ? ಬಾಡಿಗೆಯ ಎರಡು ಕೋಣೆ, ಊರೂರು ತೋರಿಸುವ ಕೆಲಸ, ಸಂಜೆ ಒಬ್ಬಳೇ ಉಣ್ಣುವ ಊಟ. ಅವಳಿಗೆ ಬಿಕ್ಕಿ ಬಿಕ್ಕಿ ಅಳು ಬಂತು. ಅಚ್ಚನ್ನು ಮತ್ತೆ ಚೀಲದೊಳಗೆ ತುರುಕಿ, ಮುಖ ಒರೆಸಿಕೊಂಡು, ಜನರನ್ನು ಎಣಿಸಿಕೊಂಡು ಬೇಕರಿಯ ಕಡೆ ಹೊರಟಳು.

'ಬ್ರೆಡ್ಡು ತಗೊಳ್ಳೋದು, ಆರಕ್ಕೆ ಬಸ್ಸು ಹತ್ತೋದು. ಅಷ್ಟೇ.'

ಬೇಕರಿಯ ಹಲಗೆಯ ಮೇಲೆ ಬ್ರೆಡ್ಡುಗಳು ಸಾಲಾಗಿ ಕೂತಿದ್ದವು. ಕಂದು ಬಣ್ಣದ ದಪ್ಪ ತೊಗಟೆ, ಮೇಲೆ ಎದ್ದು ಕಾಣುವ ಅಕ್ಷರ. ಜನ ಚಿಕ್ಕಮಕ್ಕಳಂತೆ ತಮ್ಮ ತಮ್ಮದನ್ನು ಹುಡುಕಿ ಎತ್ತಿಕೊಂಡರು. ಸಾವೇರಿಯೊ ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ. ಬ್ರೂನೆಲ್ಲಾ ಬಾಗಿಲ ಹತ್ತಿರವೇ ನಿಂತಿದ್ದಳು.

"ನನ್ನದೆಲ್ಲಿ?" ಎರ್ಮಿನಿಯಾ ಕೊನೆಯಲ್ಲಿ ಬಂದರು.

ಹಲಗೆಯ ಮೇಲೆ ಒಂದೇ ಒಂದು ಉಳಿದಿತ್ತು. ದುಂಡಗೆ ಚೆನ್ನಾಗಿ ಉಬ್ಬಿತ್ತು, ಮೇಲೆ ಏನೂ ಇರಲಿಲ್ಲ. ಬೋಳು.

"ಇದು ನನ್ನದಲ್ಲಪ್ಪ. ನಾನು ಅಕ್ಷರ ಒತ್ತಿದ್ದೆ. ನಮ್ಮ ಮನೆಯವರ ಹೆಸರಿಂದು..." ಅವರು ಕಣ್ಣೊರೆಸಿಕೊಂಡರು. "ನನ್ನ ಕೈಯಾರೆ ಒತ್ತಿದ್ದೆ. ಎಲ್ಲಿ ಹೋಯ್ತು?"

ಸಾವೇರಿಯೊ ಬ್ರೆಡ್ಡನ್ನು ಬೆಳಕಿಗೆ ಹಿಡಿದು ನೋಡಿದ. "ಅಮ್ಮಾ, ನಾನು ಹೇಳೋಕೆ ಮುಂಚೆನೇ ಒತ್ತಿಬಿಟ್ರಾ? ಮೆಲ್ಲಗೆ?"

"ಹೌದಪ್ಪಾ. ಜೋರಾಗಿ ಒತ್ತಕ್ಕೆ ಮನಸ್ಸು ಬರಲಿಲ್ಲ."

"ಅದಕ್ಕೇ. ಅಚ್ಚು ಒತ್ತಿದ ಮೇಲೆ ಹಿಟ್ಟು ಉಬ್ಬಿದೆ. ಉಬ್ಬಿದ ಹಿಟ್ಟು ಅಕ್ಷರಾನ ನುಂಗಿಬಿಡುತ್ತೆ." ಅವನು ಅದನ್ನು ಅವರ ಕೈಯಲ್ಲಿಟ್ಟು, ತುಂಬ ಮೃದುವಾಗಿ ಹೇಳಿದ. "ಅಳಬೇಡಿ. ಅಕ್ಷರ ಎಲ್ಲೂ ಹೋಗಿಲ್ಲ, ಒಳಗೇ ಇದೆ. ನೀವು ಒತ್ತಿದ್ದು ಸುಳ್ಳಾಗಲ್ಲ."

ಬಾಗಿಲ ಬಳಿ ಧಪ್ಪೆಂದು ಸದ್ದಾಯಿತು. ಬ್ರೂನೆಲ್ಲಾಳ ಕೈಚೀಲ ನೆಲಕ್ಕೆ ಬಿದ್ದಿತ್ತು.

'ಮೆಲ್ಲಗೆ... ಮುಂಚೆನೇ... ಬಟ್ಟೆ ಹೊದಿಸಿ...'

ಅವಳಿಗೆ ಅಂದಿನ ತನ್ನ ಕೈಗಳು ಕಂಡವು. ನಡುಗುತ್ತಿದ್ದ ಕೈಗಳು. ಅಯ್ಯೋ ದೇವರೇ!

"ಸಾವೇರಿಯೊ!"

ಆ ಹೆಸರು ಅವಳ ಬಾಯಿಂದ ಬಂದು ಎಷ್ಟು ಕಾಲವಾಗಿತ್ತು. ಎಲ್ಲರೂ ತಿರುಗಿ ನೋಡಿದರು. ಅವಳಿಗೆ ಯಾರೂ ಕಾಣಲಿಲ್ಲ.

"ಅವತ್ತು... ನಾನು ಕಳಿಸಿದ ಬ್ರೆಡ್ಡು... ನಿನ್ನ ಕೈಗೆ ಹೇಗೆ ಬಂತು?"

ಅವನ ಮುಖದ ಬಣ್ಣ ಇಳಿದುಹೋಯಿತು.

"ನಿನಗೇ ಗೊತ್ತಲ್ಲ ಬ್ರೂನಾ."

"ನನಗೆ ಗೊತ್ತಿಲ್ಲ! ಹೇಳು!"

"ಬೋಳಾಗಿ ಬಂತು," ಎಂದ ಅವನು. "ನಿನ್ನ ಕಸೂತಿ ಬಟ್ಟೆ ಬಿಚ್ಚಿದೆ. ಏನೂ ಇರಲಿಲ್ಲ. ತಿರುಗಿಸಿ ನೋಡಿದೆ, ದೀಪದ ಹತ್ತಿರ ಹಿಡಿದು ನೋಡಿದೆ. ಅಮ್ಮ ಅಂದ್ಲು, ಬಿಡೋ, ಹುಡುಗಿ 'ಇಲ್ಲ' ಅಂದಿದ್ದಾಳೆ ಅಂತ. ಅವತ್ತೇ ಸಾಯಂಕಾಲ ಹೊರಟುಬಿಟ್ಟೆ."

"ಒತ್ತಿದ್ದೆ ಕಣೋ!" ಅವಳು ಚೀರಿದಳು. "ನಾನು ಒತ್ತಿದ್ದೆ! ಈ ಕೈಯಲ್ಲೇ ಒತ್ತಿದ್ದೆ! ಭಾನುವಾರ ಅಜ್ಜಿ ಮೇಜುಬಟ್ಟೆ ಹಾಸಿಕೊಂಡು ಕೂತಿದ್ಲು... ನಾನು ಕಿಟಕಿಯಲ್ಲಿ ನಿಂತಿದ್ದೆ... ಕತ್ತಲಾಗೋವರೆಗೂ ನಿಂತಿದ್ದೆ!"

ಅವನು ಹಲಗೆ ಹಿಡಿದುಕೊಂಡ.

ಎರ್ಮಿನಿಯಾ ಎಲ್ಲರನ್ನೂ ಹೊರಗೆ ನೂಕತೊಡಗಿದರು. "ನಡೀರಿ, ನಡೀರಿ, ಇಲ್ಲೇನು ನಾಟಕ ನಡೀತಿದೆಯಾ? ಹೊರಗೆ ಗಾಳಿ ಚೆನ್ನಾಗಿದೆ." ಬಾಗಿಲು ಮುಚ್ಚಿಕೊಂಡಿತು.

"ಆ ಬ್ರೆಡ್ಡು ಏನು ಮಾಡಿದೆ?" ಬ್ರೂನೆಲ್ಲಾಳ ದನಿ ಈಗ ಪಿಸುಮಾತಾಗಿತ್ತು.

"ಬ್ರೆಡ್ಡು ಬಿಸಾಡೋ ಊರಾ ನಮ್ಮದು? ರೈಲಿನಲ್ಲಿ ತಿಂದೆ. ಜರ್ಮನಿಗೆ ಹೋದ ಮೇಲೂ ಇತ್ತು. ಗಟ್ಟಿಯಾಗಿತ್ತು, ನೀರಲ್ಲಿ ಅದ್ದಿ ಅದ್ದಿ ತಿಂದೆ. ಒಂದು ಚೂರೂ ಬಿಡಲಿಲ್ಲ." ಅವನು ಅಳುತ್ತಿದ್ದ. "ನೀನು ಅಂದ 'ಇಲ್ಲ' ಅನ್ನೋದನ್ನ ಒಂದು ವಾರ ತಿಂದೆ ಬ್ರೂನಾ."

"ನೀನು ತಿಂದದ್ದು ನನ್ನ 'ಹೂಂ' ಕಣೋ..."

ಇಬ್ಬರೂ ಒಲೆಯ ಕೆಂಡ ಬೂದಿಯಾಗುವುದನ್ನು ನೋಡುತ್ತಾ ನಿಂತರು. ಬೈಯೋಣವೆಂದರೆ ಯಾರನ್ನು ಬೈಯುವುದು? ಮೋಸ ಮಾಡಿದವರಿಲ್ಲ, ಮಧ್ಯೆ ಬಂದವರಿಲ್ಲ. ಒಂದು ಹಿಡಿ ಹಿಟ್ಟು ತನ್ನ ಪಾಡಿಗೆ ಉಬ್ಬಿತ್ತು.

"ಅಜ್ಜಿ ನಿನ್ನ ಬೈದುಕೊಂಡೇ ಸತ್ತಳು," ಎಂದಳು ಅವಳು.

"ನಮ್ಮಮ್ಮ ನಿನ್ನ ಬೈದುಕೊಂಡೇ ಹೋದಳು. ಮೂರು ವರ್ಷದ ಹಿಂದೆ. ಅವಳ ಕಾಯಿಲೆ ಅಂತಲೇ ವಾಪಸ್ ಬಂದೆ, ಮಾವನಿಗೂ ಕೈಲಾಗ್ತಿರಲಿಲ್ಲ, ಒಲೆ ಹಿಡಿದೆ." ಅವನು ಹಲಗೆಯ ಮೇಲಿನ ಹಿಟ್ಟು ಒರೆಸಿದ. "ಒಂದು ದಿನ ಯಾರದೋ ಬ್ರೆಡ್ಡು ಹೀಗೇ ಬೋಳಾಗಿ ಬಂತು. ಮಾವನ್ನ ಕೇಳಿದೆ. ಮುಂಚೆ ಒತ್ತಿದ್ರೆ ಹೀಗೇ ಕಣೋ ಅಂದ. ಅವತ್ತು ನಾನು ಈ ನೆಲದ ಮೇಲೆ ಕೂತುಬಿಟ್ಟೆ."

"ಗೊತ್ತಿತ್ತಾ ನಿನಗೆ? ಗೊತ್ತಿದ್ದೂ ಸುಮ್ಮನಿದ್ದೆಯಾ?"

"ಗೊತ್ತಿರಲಿಲ್ಲ. ಅನುಮಾನ ಇತ್ತು. ಬಾರಿಯಲ್ಲಿ ನಿನಗೆ ಮದುವೆ ಆಗಿದೆ ಅಂದ್ರು."

"ಯಾರಂದ್ರು?"

"ಊರವರು."

"ಊರವರ ಬಾಯಿಗೆ ಬೆಂಕಿ ಹಾಕ! ಯಾರನ್ನ ಮದುವೆಯಾಗಲಿ ನಾನು?"

"ಅದಷ್ಟೇ ಅಲ್ಲ..." ಅವನು ತಲೆ ತಗ್ಗಿಸಿದ. "ಬಂದು ಕೇಳಿದಾಗ, ಹೌದು, ನಾನು ಬೋಳು ಬ್ರೆಡ್ಡೇ ಕಳಿಸಿದ್ದು ಅಂದುಬಿಟ್ಟಿದ್ರೆ? ಅನುಮಾನ ಅಂತ ಒಂದಾದ್ರೂ ಇತ್ತಲ್ಲ ನನ್ನ ಹತ್ತಿರ. ಅದನ್ನೂ ಕಳೆದುಕೊಳ್ಳೋಕೆ ಭಯ ಆಯ್ತು."

ಬ್ರೂನೆಲ್ಲಾ ಕೆಳಗೆ ಬಿದ್ದ ಚೀಲದಿಂದ ಗಂಟು ತೆಗೆದಳು. ಬಿಚ್ಚಿ ಹಲಗೆಯ ಮೇಲೆ ಇಟ್ಟಳು.

ಸಾವೇರಿಯೊ ನೋಡಿದ. ಮುಟ್ಟಲು ಹೋದ ಕೈ ಅರ್ಧದಲ್ಲೇ ನಿಂತಿತು.

"ಇದು... ಸುಡಲಿಲ್ಲವಾ ನೀನು?"

"ಇವತ್ತು ಕಣಿವೆಗೆ ಎಸೆಯೋಣ ಅಂತ ತಂದಿದ್ದೆ. ಅದೂ ಆಗಲಿಲ್ಲ."

ಅವನು ಅಚ್ಚನ್ನು ಎತ್ತಿ ಎದೆಗೊತ್ತಿಕೊಂಡ. ನಂತರ ಅವಳನ್ನು ಹತ್ತಿರ ಎಳೆದುಕೊಂಡ. ಹಿಟ್ಟು ಮೆತ್ತಿದ ಅವನ ಹೆಗಲ ಮೇಲೆ ಮುಖವಿಟ್ಟು ಅವಳು ಅತ್ತಳು. ಇಷ್ಟು ವರ್ಷ ಮಾನಕ್ಕೆ ಅಂಜಿ ನುಂಗಿದ್ದೆಲ್ಲ ಒಂದೇ ಸಲಕ್ಕೆ ಬಂತು.

"ನಮಗೊಂದು ಮಗಳಿರ್ತಿದ್ಲು ಸಾವೇರಿಯೊ," ಎಂದಳು ಬಿಕ್ಕುತ್ತಾ. "ಅಜ್ಜಿ ಹೆಸರು ಇಡ್ತಿದ್ದೆ. ಇಷ್ಟೊತ್ತಿಗೆ ನನ್ನಷ್ಟು ಎತ್ತರ ಆಗಿ ನನ್ನ ಜೊತೆ ಜಗಳ ಆಡ್ತಿದ್ಲು..."

ಅವನು ಅವಳ ತಲೆ ಸವರಿದ. ಹೋದದ್ದು ಹೋಯಿತು ಎನ್ನಲು ಅವನಿಗೆ ನಾಲಿಗೆ ಬರಲಿಲ್ಲ, ಯಾಕೆಂದರೆ ಹೋದದ್ದು ಅಷ್ಟು ದೊಡ್ಡದು.

ಬಾಗಿಲು ತಟ್ಟಿದ ಸದ್ದು. ಎರ್ಮಿನಿಯಾ ತಲೆ ಒಳಗಿಟ್ಟರು. "ಬಸ್ಸು ಬಂತು ಮಗಳೇ. ಆದ್ರೆ ನೀನು ಬರಬೇಡ. ಬಾರಿಗೆ ದಾರಿ ಡ್ರೈವರಿಗೆ ಗೊತ್ತು, ಜನಾನ ನಾನು ಎಣಿಸ್ಕೋತೀನಿ. ಅಚ್ಚಿಲ್ಲದ ನನ್ನ ಬ್ರೆಡ್ಡು ಇವತ್ತು ಯಾರಿಗಾದ್ರೂ ಉಪಯೋಗಕ್ಕೆ ಬರಲಿ."

"ಅಮ್ಮಾ..."

"ಜಗಳ ಆಡು ಅಂದಿದ್ದೆ, ಆಡಿದೆ ತಾನೇ? ಸಾಕು." ಅವರು ತಮ್ಮ ಬೋಳು ಬ್ರೆಡ್ಡನ್ನು ಕಂಕುಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಹೋದರು.

ಬಸ್ಸಿನ ಸದ್ದು ಓಣಿಯಾಚೆ ಕರಗಿತು.

ಮೂಲೆಯ ಬುಟ್ಟಿಯಲ್ಲಿ ಸಾವೇರಿಯೊ ತನಗೆಂದು ತಟ್ಟಿಟ್ಟ ಒಂದು ಮುದ್ದೆ ಉಬ್ಬಿ ಕೂತಿತ್ತು. ಅವನು ಅದನ್ನು ಹಲಗೆಯ ಮೇಲೆ ಮೆಲ್ಲಗೆ ಮಗುಚಿದ. ಅಚ್ಚನ್ನು ಅವಳ ಮುಂದಿಟ್ಟ. ಏನೂ ಕೇಳಲಿಲ್ಲ.

ಬ್ರೂನೆಲ್ಲಾ ಕಣ್ಣೊರೆಸಿಕೊಂಡಳು. "ಈಗ ಒತ್ತಬಹುದಾ?"

"ಈಗ ಒತ್ತಬಹುದು."

ಅವಳು ಎರಡೂ ಕೈ ಸೇರಿಸಿ ಒತ್ತಿದಳು.

"ಇನ್ನೂ ಆಳಕ್ಕೆ," ಎಂದ ಅವನು. ಅವಳ ಕೈ ಮೇಲೆ ತನ್ನ ಕೈ ಇಟ್ಟ.

ಬ್ರೆಡ್ಡು ಒಲೆಯೊಳಗೆ ಹೋಯಿತು. ಇಬ್ಬರೂ ಒಲೆಯ ಮುಂದೆ ಹಿಟ್ಟಿನ ಮೂಟೆಗಳ ಮೇಲೆ ಕೂತರು.

"ಹುಡುಗಿ ನೋಡಬಾರದು ಅಲ್ವಾ? ಪದ್ಧತಿ..." ಎಂದು ಅವನು ನಗಲು ಹೋದ.

"ಪದ್ಧತಿಗೆ ಕೊಡಬೇಕಾದ್ದೆಲ್ಲ ಕೊಟ್ಟಾಯ್ತು. ಈ ಸಲ ಕಣ್ಣಾರೆ ನೋಡಿಯೇ ಏಳೋದು."

ಅವನ ತಾಯಿಯ ಕೊನೆಯ ದಿನಗಳನ್ನು ಅವನು ಹೇಳಿದ, ಅಜ್ಜಿಯ ಕೊನೆಯ ದಿನಗಳನ್ನು ಅವಳು ಹೇಳಿದಳು. ಒಬ್ಬರು ಅತ್ತಾಗ ಇನ್ನೊಬ್ಬರು ಕೈ ಹಿಡಿದುಕೊಂಡರು. ಬೇಯುತ್ತಿದ್ದ ಬ್ರೆಡ್ಡಿನ ವಾಸನೆ ಬೇಕರಿಯನ್ನೆಲ್ಲ ತುಂಬಿತು.

ಅವನು ಎದ್ದು ಸಲಿಕೆ ಚಾಚಿ ಬ್ರೆಡ್ಡನ್ನು ಹೊರಗೆಳೆದ. ಬೂದಿ ಒರೆಸಿ, ಬಟ್ಟೆಯಲ್ಲಿ ಹಿಡಿದು ಅವಳ ಮುಂದೆ ತಂದ.

ಎರಡು ಅಕ್ಷರ ಇದ್ದವು. ಒಂದನ್ನೊಂದು ಅಪ್ಪಿಕೊಂಡು, ಸ್ಪಷ್ಟವಾಗಿ.

ಬ್ರೂನೆಲ್ಲಾ ಬಿಸಿ ತೊಗಟೆಯ ಮೇಲೆ ಬೆರಳಾಡಿಸಿ ಎರಡನ್ನೂ ಮುಟ್ಟಿದಳು.

"ಇದರ ಅರ್ಥ ಏನು?" ಎಂದ ಸಾವೇರಿಯೊ.

"ಓದೋಕೆ ಬರಲ್ವಾ ನಿನಗೆ?"

"ಬರುತ್ತೆ. ಆದ್ರೂ ಬಾಯಿ ಬಿಟ್ಟು ಹೇಳು ಬ್ರೂನಾ. ಒಂದೇ ಒಂದು ಸಲ, ಬಾಯಿ ಬಿಟ್ಟು ಹೇಳು."

ಅವಳು ಅವನ ಹಿಟ್ಟು ಮೆತ್ತಿದ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ಹೂಂ," ಎಂದಳು. "ಅವತ್ತೂ ಹೂಂ. ಇವತ್ತೂ ಹೂಂ."